ಬೀಗರಿಗೆ ಇಡೀ ರೊಟ್ಟಿ

ಇವತ್ತು ಎದ್ದ ಕೂಡಲೇ ಅಂಗಳಕ್ಕೆ ನೀರು ಹಾಕಿದೆ. ಜೋಳದ ಹಿಟ್ಟು ಜರಡಿ ಹಿಡಿದೆ, ಎಸರಿಟ್ಟೆ. ರೊಟ್ಟಿ ಬಡಿಯಲು ಬರುವ ಇಬ್ಬರು ಹೆಣ್ಣುಮಕ್ಕಳಿಗೆ ಚಹಾ ಮಾಡಿಕೊಟ್ಟೆ. ನಮ್ಮವರು ಬಬಲೇಶ್ವರದ ಶಾಲೆಯೊಂದರಲ್ಲಿ ಗುಮಾಸ್ತರು. ಅವರಿಗೆ ಡಬ್ಬಿ ಕಟ್ಟಿ ಬಸ್ಸಿಗೆ ಕಳಿಸಿದೆ. ಅವ್ವನ ಮೊಣಕಾಲಿಗೆ ಎಣ್ಣೆ ತಿಕ್ಕಿದೆ, ಅವಳ ಹಲ್ಲಿನ ಸೆಟ್ಟು ತೊಳೆದಿಟ್ಟೆ. ಶೇಂಗಾ ಹುರಿದು, ಸಿಪ್ಪೆ ಹಾರಿಸಿ, ಖಾರ ಬೆರೆಸಿ ಚಟ್ನಿಪುಡಿಯಂಥ ಹಿಂಡಿ ಕುಟ್ಟಿದೆ. ಬಾಗಿಲ ಪಕ್ಕದ ಬೋರ್ಡನ್ನೂ ಒಳಗೆ ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟಿರುವ ಪರವಾನಿಗೆ ಕಾಗದವನ್ನೂ ಒದ್ದೆ ಬಟ್ಟೆಯಿಂದ ಒರೆಸಿದೆ. ಮಧ್ಯಾಹ್ನ ಸುನಂದಾ ಬರುತ್ತೇನೆಂದು ಫೋನು ಮಾಡಿದ್ದಳು, ಅದಕ್ಕೆ ಪಡಸಾಲೆಯಲ್ಲಿ ಕೌದಿ ಹಾಸಿದೆ. ಹಾಸುವ ಮುಂಚೆ ಅದನ್ನು ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿಯೇ ಕೊಡವಿದೆ.

ಸುನಂದಾ ಬರುತ್ತಾಳೆಂದರೆ ಈ ವಯಸ್ಸಿನಲ್ಲೂ ನನ್ನ ಹೊಟ್ಟೆಯೊಳಗೆ ಒಂದು ಹಂಚು ಕಾಯಲು ಶುರುವಾಗುತ್ತದೆ. ಅವಳು ಕೆಟ್ಟವಳಲ್ಲ. ನನಗೆ ಒಂದು ಮಾತು ಬಿರುಸಾಗಿ ಅಂದವಳೂ ಅಲ್ಲ. ಅವಳು ಮಾಡಿದ್ದು ಇಷ್ಟೇ: ನಾವಿಬ್ಬರೂ ಸಣ್ಣವರಿದ್ದಾಗ ನಮ್ಮ ಮನೆಗೆ ಬಂದು, ನಮ್ಮ ಅವ್ವನ ಒಲೆಯ ಪಕ್ಕ ಕೂತು, ನಮ್ಮ ಅವ್ವನ ಕೈಯಿಂದ ಬಿಸಿ ರೊಟ್ಟಿ ತಿಂದಳು. ಇಡೀ ರೊಟ್ಟಿ. ಅದನ್ನು ಹೇಳಬೇಕಾದರೆ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯಲ್ಲಿದ್ದ ನಮ್ಮ ಬಾಡಿಗೆ ಮನೆಗೆ ಹೋಗಬೇಕು.

ಆ ಮನೆ ಒಂದರ ಹಿಂದೊಂದು ಮೂರು ಕೋಣೆಗಳದು. ಬೀದಿಗೆ ಪಡಸಾಲೆ, ನಡುವೆ ಸಾಮಾನಿನ ಕೋಣೆ, ಹಿಂದೆ ಅಡುಗೆ ಮನೆ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ. ಅಡುಗೆ ಮನೆಗೆ ಬೆಳಕು ಬರುತ್ತಿದ್ದುದು ಮಾಳಿಗೆಯಲ್ಲಿದ್ದ ಒಂದು ಬೆಳಕಿಂಡಿಯಿಂದ. ಬಿಸಿಲು ಅಲ್ಲಿಂದ ಇಳಿದು ಬೆಳಿಗ್ಗೆ ಒಲೆಯ ಮೇಲೆ, ಮಧ್ಯಾಹ್ನ ಹಿಟ್ಟಿನ ಪರಾತದ ಮೇಲೆ, ಸಂಜೆ ನೀರಿನ ಕೊಡದ ಮೇಲೆ ಬೀಳುತ್ತಿತ್ತು. ಅಪ್ಪ ಬಸ್ಸಿನ ಕಂಡಕ್ಟರು. ಮನೆಗೆ ಬಂದಾಗ ಮಾತು ಕಡಿಮೆ, ನಿದ್ದೆ ಹೆಚ್ಚು. ನಾನು, ನನ್ನ ತಮ್ಮ ಬಸು, ಅವ್ವ. ಅವ್ವನ ರೊಟ್ಟಿಯ ಹೆಸರು ಹೇಗೆ ಹೊರಗೆ ಹೋಯಿತೋ ಗೊತ್ತಿಲ್ಲ. ಮೊದಲು ಯಾರದೋ ಮದುವೆಗೆಂದು ಬಡಿದುಕೊಟ್ಟಳು, ಆಮೇಲೆ ಇನ್ನೊಬ್ಬರ ಮನೆಯ ಸೀಮಂತಕ್ಕೆ, ಆಮೇಲೆ ಬಾಗಿಲಿಗೆ ಜನ ಬರತೊಡಗಿದರು. ತಿಂಗಳುಗಟ್ಟಲೆ ಕೆಡದ, ಹಪ್ಪಳದ ಹಾಗೆ ಟಕ್ಕೆನ್ನುವ ಕಟಕ ರೊಟ್ಟಿ. ಜೊತೆಗೆ ಶೇಂಗಾ ಹಿಂಡಿ.

ಮನೆ ತಿಕೋಟಾದ ಗುರಲಿಂಗ ಕಾಕಾ ಅವರದು. ದ್ರಾಕ್ಷಿ ತೋಟದವರು. ದೊಡ್ಡ ರುಮಾಲು, ಸಣ್ಣ ಕಣ್ಣು. ರೊಟ್ಟಿಯ ಸುದ್ದಿ ಕೇಳಿ ಒಂದು ಸಲ ಬಂದು ಕಟ್ಟೆಯ ಮೇಲೆ ಕೂತು ಅವ್ವನನ್ನು ಕರೆದರು.

“ನೋಡ ತಂಗೀ, ರೊಟ್ಟಿ ಬಡಿ, ನಾ ಬ್ಯಾಡ ಅನ್ನೂದಿಲ್ಲ. ಆದ್ರ ಇದು ಮನಿ. ಮನಿ ಅಂತ ನಿಮಗ ಬಾಡಿಗಿ ಕೊಟ್ಟೇನಿ. ನಗರಸಭಿಯವರು ಬಂದು ಅಂಗಡಿ ಅಂತ ಬರಕೊಂಡು ಹ್ವಾದ್ರಂದ್ರ ನನ್ನ ಮನಿಪಟ್ಟಿ ಏರತೈತಿ, ನೀರಿನ ಪಟ್ಟಿ ಏರತೈತಿ. ಅವತ್ತ ನೀವು ಗಂಟು ಕಟ್ಟೂದ.”

“ಅಂಗಡಿ ಹ್ಯಾಂಗ ಆಕ್ಕೈತ್ರಿ ಕಾಕಾ, ಬರೇ ರೊಟ್ಟಿ.”

“ಬೋರ್ಡ್ ಹಾಕಿದ್ರ ಅಂಗಡಿ. ತಕ್ಕಡಿ ಇಟ್ಟರ ಅಂಗಡಿ. ಕಟ್ಟಿ ಮ್ಯಾಲ ಗಂಡಸರು ನಿಂತ್ರ ಅಂಗಡಿ. ಗುಡಿ ಗಂಟಿ ಬಾರಸೂಕಿಂತ ಮೊದಲ ಬಡಿಯೂ ಸಪ್ಪಳ ಕೇಳಿತಂದ್ರ, ಬಾಜೂಕಿನ ಮಾಸ್ತರು ನನಗ ತಿಕೋಟಾಕ ಬಂದು ಹೇಳತಾರ.”

ಬಾಜೂಕಿನ ಮಾಸ್ತರರೆಂದರೆ ಪಕ್ಕದ ಮನೆಯ ನಿವೃತ್ತ ಶಿಕ್ಷಕರು. ಅವರ ನಿದ್ದೆ ತೆಳುವಾದದ್ದು, ಕಿವಿ ಚುರುಕಾದದ್ದು. ಅವ್ವ ಕಾಕಾ ಹೇಳಿದ್ದನ್ನೆಲ್ಲ ಒಪ್ಪಿಕೊಂಡಳು. ತಕ್ಕಡಿ ಇರಲಿಲ್ಲವಾದ್ದರಿಂದ ರೊಟ್ಟಿ ಎಣಿಸಿ ಕೊಡುತ್ತಿದ್ದಳು, ಹಿಂಡಿಯನ್ನು ಹಿತ್ತಾಳೆ ಲೋಟದಿಂದ ಅಳೆಯುತ್ತಿದ್ದಳು. ಗುಡಿಯ ಗಂಟೆ ಕೇಳುವ ತನಕ ಹಿಟ್ಟು ನಾದಿಟ್ಟುಕೊಂಡು, ಕೈ ಕಟ್ಟಿ, ಓಟದ ಪಂದ್ಯಕ್ಕೆ ನಿಂತವರ ಹಾಗೆ ಕಾಯುತ್ತಿದ್ದಳು. ಇಷ್ಟು ಸಾಲದೆಂದು ತನ್ನದೊಂದು ನಿಯಮವನ್ನೂ ಸೇರಿಸಿದಳು. ನಮ್ಮ ಮನೆಯಲ್ಲಿ ‘ಗಿರಾಕಿ’ ಎಂಬ ಮಾತು ಯಾರ ಬಾಯಲ್ಲೂ ಬರಬಾರದು. ನನ್ನನ್ನೂ ಬಸುವನ್ನೂ ಕೂಡಿಸಿಕೊಂಡು ಮಗ್ಗಿ ಹೇಳಿಸಿದ ಹಾಗೆ ಹೇಳಿಸಿದಳು.

“ಅಂಗಡೀಗೆ ಯಾರ ಬರತಾರ?”

“ಗಿರಾಕಿ.”

“ಮನೀಗೆ ಯಾರ ಬರತಾರ?”

“ಬೀಗರು.”

“ನಮ್ಮದೇನ?”

“ಮನಿ.”

ಹೀಗೆ ನಮಗೆ ಊರ ತುಂಬ ಬೀಗರಾದರು. ಮಗಳನ್ನು ಕೊಟ್ಟೂ ಇಲ್ಲ, ತಂದೂ ಇಲ್ಲ, ಆದರೂ ಹಾಸ್ಟೆಲ್ ಬೀಗರು, ಸ್ಟೇಷನ್ ಬೀಗರು, ಸಾರವಾಡದ ಟ್ರ್ಯಾಕ್ಟರ್ ಬೀಗರು. ಬೀಗರೆಂದ ಮೇಲೆ ಬೀಗರ ಹಾಗೇ ನಡೆಸಿಕೊಳ್ಳಬೇಕು. ಬಂದವರ ಚಪ್ಪಲಿ ಹೊರಗೆ ಗುಂಪಾಗಿ ಬೀಳದಂತೆ ನಾನು ಎತ್ತಿ ಒಳಗಿಡಬೇಕು. ಚರಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ. ನಾವು ರಾತ್ರಿ ಹೊದೆಯುವ ಕೌದಿ ಹಗಲೆಲ್ಲ ಅವರು ಕೂಡುವ ಹಾಸು. ನಾನು ಎಲ್ಲರಿಗೂ ‘ಅತ್ತಿ’, ‘ಕಾಕಾ’ ಎನ್ನಬೇಕು. ಇದು ಎಲ್ಲಿಯ ತನಕ ತಲೆಗೆ ಹತ್ತಿತೆಂದರೆ, ಅಪ್ಪನ ಸ್ವಂತ ಸೋದರಮಾವ ಬಬಲೇಶ್ವರದಿಂದ ಎಷ್ಟೋ ವರ್ಷದ ಮೇಲೆ ಬಂದು, “ಯವ್ವಾ, ನಾವು ನಿಮ್ಮ ಬೀಗರಬೇ,” ಎಂದು ನಗುತ್ತ ಬಾಗಿಲಲ್ಲಿ ನಿಂತಾಗ ನಾನು ಚಪ್ಪಲಿ ಎತ್ತಿಟ್ಟು, “ಎಷ್ಟ ಬೇಕ್ರಿ? ಹಿಂಡಿನೂ ಕಟ್ಟೂದೇನ್ರಿ?” ಎಂದು ಕೇಳಿದೆ. ಆ ಅಜ್ಜ ಸಿಟ್ಟಿನಿಂದ ನೀರೂ ಕುಡಿಯದೆ ಹೋದವರು ನನ್ನ ಮದುವೆಯಲ್ಲೂ ಆ ಮಾತು ತೆಗೆದರು.

ಬೀಗರಿಗೆ ಕೊಡುವ ರೊಟ್ಟಿ ಇಡಿಯಾಗಿರಬೇಕು. ಚಂದ್ರನ ಹಾಗೆ ದುಂಡಗೆ, ಅಂಚು ಸೀಳದೆ, ಕಪ್ಪು ಕಲೆಯಿಲ್ಲದೆ. ಒಣಗಿಸುವಾಗ, ಎತ್ತುವಾಗ, ಬುಟ್ಟಿಗೆ ಜೋಡಿಸುವಾಗ ಮುರಿದದ್ದು ಮುರುಕು. ಮುರುಕು ಮಾರಲಿಕ್ಕೆ ಬರುವುದಿಲ್ಲ. ಅದು ನಮ್ಮ ಪಾಲು. ಬೆಳಿಗ್ಗೆ ಮುರುಕಿಗೆ ಮೊಸರು, ಮಧ್ಯಾಹ್ನ ಮುರುಕಿಗೆ ಬೇಳೆ, ರಾತ್ರಿ ಮುರುಕನ್ನು ಮಜ್ಜಿಗೆಯಲ್ಲಿ ನೆನೆಸಿ ಮೇಲೆ ಉಳ್ಳಾಗಡ್ಡಿ. ಬಸು ಅದರಲ್ಲೇ ಆಟ ಹುಡುಕಿಕೊಂಡಿದ್ದ, ತುಂಡು ತುಂಡು ಜೋಡಿಸಿ ತಾಟಿನಲ್ಲಿ ಇಡೀ ರೊಟ್ಟಿ ಮಾಡಿ, “ಅವ್ವಾ, ನಂದು ಬೀಗರ ರೊಟ್ಟಿ!” ಎಂದು ಕೂಗುತ್ತಿದ್ದ. ನನಗೆ ನಗು ಬರುತ್ತಿರಲಿಲ್ಲ.

ನನಗೆ ಮುರುಕಿನ ಮೇಲೂ ಸಿಟ್ಟಿರಲಿಲ್ಲ, ಸುನಂದಾ ಬರುವ ತನಕ. ಅವಳ ತಂದೆ ದೊಡ್ಡ ಆಫೀಸಿನ ಸಾಹೇಬರು. ಆಗಷ್ಟೇ ಪ್ಲಾಟು ಬೀಳುತ್ತಿದ್ದ ಅಥಣಿ ರಸ್ತೆಯಲ್ಲಿ ಮನೆ ಕಟ್ಟಿಸಿದ್ದರು. ಅವಳ ತಾಯಿ ವಾರಕ್ಕೊಮ್ಮೆ ಮಗಳ ಕೈ ಹಿಡಿದು ಸೈಕಲ್ ರಿಕ್ಷಾದಲ್ಲಿ ಬರುತ್ತಿದ್ದರು. ಅವ್ವ ಅವರಿಗಿಟ್ಟ ಹೆಸರು ಅಥಣಿ ರಸ್ತೆ ಬೀಗರು. ಸುನಂದಾ ನನ್ನದೇ ವಯಸ್ಸಿನವಳು. ಎರಡು ಜಡೆ, ಎರಡಕ್ಕೂ ಒಂದೇ ಬಣ್ಣದ ರಿಬ್ಬನ್ನು. ಅವಳ ತಾಯಿಯ ಬಾಯಿಂದ ನಾನು ಕೇಳಿದ ಮೊದಲ ಮಾತೇ ಅವಳ ಬಗ್ಗೆ ದೂರು.

“ಮನ್ಯಾಗ ಏನೂ ತಿನ್ನೂದಿಲ್ರಿ ಇಕಿ,” ಎಂದರು ತಾಯಿ.

“ಯಾಕ ತಿನ್ನೂದಿಲ್ಲ? ಬಾ ತಂಗೀ, ಒಳಗ ಬಾ. ಒಲಿ ಮುಂದ ಕುಂಡ್ರ. ಬಿಸೀದೊಂದ ಕೊಡತೇನಿ, ಹ್ಯಾಂಗ ತಿನ್ನೂದಿಲ್ಲ ನೋಡೂಣು,” ಎಂದಳು ಅವ್ವ.

ಒಲೆಯ ಮುಂದಿನ ಆ ಮಣೆ ನನ್ನದು. ಅಲ್ಲಿ ಕೂತು ನಾನು ಅವ್ವ ಬಡಿಯುವ ರೊಟ್ಟಿಗೆ ಹಿಟ್ಟು ಉದುರಿಸಿ ಕೊಡುತ್ತಿದ್ದೆ. ಸುನಂದಾ ಬಂದು ಕೂತಳು. ನಾನು ನೀರಿನ ಕೊಡದ ಹತ್ತಿರ ಸರಿದೆ. ಅವ್ವ ಬಡಿದಳು, ಹಂಚಿಗೆ ಹಾಕಿದಳು, ಮೇಲೆ ಒದ್ದೆ ಬಟ್ಟೆ ಸವರಿದಳು, ಮಗುಚಿದಳು, ಹಂಚಿನಿಂದ ತೆಗೆದು ಕೆಂಡದ ಬದಿಗೆ ನಿಲ್ಲಿಸಿದಳು. ರೊಟ್ಟಿ ಉಸಿರು ಎಳೆದುಕೊಂಡ ಹಾಗೆ ಉಬ್ಬಿತು. ಅದನ್ನು ತಾಟಿಗೆ ಹಾಕಿ, ಬೆರಳಿನಿಂದ ಮೇಲಿನ ಪದರಿಗೆ ತೂತು ಮಾಡಿ, ಅದರೊಳಗೆ ಬೆಣ್ಣೆ ಇಟ್ಟಳು. ಹಬೆ ಬಂತು. ಬೆಣ್ಣೆ ನಮ್ಮ ಮನೆಯಲ್ಲಿ ಇತ್ತೆಂದು ನನಗೆ ಗೊತ್ತಾದದ್ದು ಆಗಲೇ. ಸುನಂದಾ ತಿಂದಳು. ಅವ್ವ ಒಲೆಯನ್ನು ಬಿಟ್ಟು ಅವಳ ಮುಖವನ್ನೇ ನೋಡುತ್ತ ಕೂತಳು. “ಉಂಡ್ಳು ನೋಡ್ರಿ, ಉಂಡ್ಳು!” ಎಂದಳು. ಅಷ್ಟು ಹಿಗ್ಗಿ ಅವಳು ನಾನು ಉಣ್ಣುವುದನ್ನು ಎಂದೂ ನೋಡಿರಲಿಲ್ಲ. ನಾನು ದಿನಾ ಉಣ್ಣುತ್ತಿದ್ದೆನಲ್ಲ.

ಅಂದಿನಿಂದ ನನಗೆ ವಾರದಲ್ಲಿ ಒಂದು ದಿನ ಜ್ವರ. ಅವಳ ರಿಬ್ಬನ್ನು ನೋಡಿದರೆ ಹೊಟ್ಟೆಕಿಚ್ಚು, ಅವಳು ಬಿಟ್ಟ ಅಂಚು ನೋಡಿದರೆ ಹೊಟ್ಟೆಕಿಚ್ಚು. ಅವಳು ಅಂಚು ತಿನ್ನುತ್ತಿರಲಿಲ್ಲ! ಆ ಅಂಚನ್ನು ಅವ್ವ ತೆಗೆದು ಮುರುಕಿನ ಬುಟ್ಟಿಗೆ ಹಾಕುತ್ತಿದ್ದಳು. ಒಮ್ಮೆ ತಡೆಯಲಾರದೆ ಕೇಳಿದೆ.

“ನನಗೂ ಒಂದ ಬಿಸೀದು ಬೆಣ್ಣಿ ಇಟ್ಟ ಕೊಡಬೇ.”

“ನೀ ಏನ ಬೀಗರೇನ?” ಎಂದಳು ಅವ್ವ, ಕೈ ನಿಲ್ಲಿಸದೆ. ಅವಳಿಗದು ನಗೆಯ ಮಾತು. ನನಗೆ ಅವತ್ತು ಬೀಗರಾಗಿ ಹುಟ್ಟಬೇಕಿತ್ತು ಎನ್ನಿಸಿತು.

ಬೀಗರು ಹೆಚ್ಚಿದಂತೆ ಬಾಜೂಕಿನ ಮಾಸ್ತರರಿಗೆ ಲೆಕ್ಕ ತಪ್ಪತೊಡಗಿತು. ದಿನ ಬೆಳಗಾದರೆ ಇಷ್ಟು ಬೀಗರು ಯಾರ ಮನೆಗೆ ಬರುತ್ತಾರೆ? ಅವರ ಮಾತು ತಿಕೋಟಾಕ್ಕೆ ಮುಟ್ಟಿತು. ಗುರಲಿಂಗ ಕಾಕಾ ಹೇಳದೆ ಕೇಳದೆ ಬಂದರು. ಬಂದದ್ದು ಸುನಂದಾ ಒಲೆಯ ಮುಂದೆ ಕೂತಿದ್ದ ಹೊತ್ತಿಗೆ. ನಾನು ಸಿಟ್ಟಿನಿಂದ ಹೊರಗೆ ಕಟ್ಟೆಯ ಮೇಲೆ ಪಾಟಿ ಬಳಪ ಹಿಡಿದು ಕೂತಿದ್ದೆ. ಅವ್ವನಿಗೆ ಹೇಳಿ ಬರಲಿಕ್ಕೆ ಪುರುಸೊತ್ತು ಸಿಗಲಿಲ್ಲ.

“ಒಳಗ ಯಾರ ಅದಾರ ತಂಗೀ?”

ಬಾಗಿಲಿನಿಂದ ನೇರಕ್ಕೆ ಅಡುಗೆ ಮನೆ ಕಾಣುತ್ತಿತ್ತು. ಬೆಳಕಿಂಡಿಯ ಬಿಸಿಲಲ್ಲಿ ಸುನಂದಾಳ ತಾಟು, ತಾಟಿನಲ್ಲಿ ಉಬ್ಬಿದ ರೊಟ್ಟಿ. ಗಿರಾಕಿ ಎಂಬ ಒಂದು ಮಾತು ನನ್ನ ನಾಲಿಗೆಯ ತುದಿಗೆ ಬಂದು ನಿಂತಿತು. ಅಂದರೆ ಸಾಕು, ಅವಳು ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ. ಹಾಗೆಯೇ ನಾವೂ ತುಳಿಯುವುದಿಲ್ಲ; ಗಂಟು ಕಟ್ಟುವುದೇ. ಅದೂ ನನಗೆ ಗೊತ್ತಿತ್ತು.

“ಬೀಗರು ಬಂದಾರ್ರಿ ಕಾಕಾ.”

“ಯಾವೂರ ಬೀಗರು?”

“ಅಥಣಿ ರಸ್ತೆ ಬೀಗರು.”

“ಅಥಣಿ ಬೀಗರನ್ನ ನೋಡೇನಿ. ರಸ್ತೆ ಮ್ಯಾಲಿನ ಬೀಗರನ್ನ ಇವತ್ತ ನೋಡೂದು,” ಎನ್ನುತ್ತ ಕಾಕಾ ರುಮಾಲು ತೆಗೆದು ಒಳಗೆ ನಡೆದರು. ಅವ್ವನ ಕೈ ಹಿಟ್ಟಿನಲ್ಲೇ ನಿಂತಿತು. ಸುನಂದಾಳ ತಾಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತರು. ಕಾಕಾ ನನ್ನನ್ನೇ ಕೇಳಿದರು.

“ಈ ಹುಡುಗಿ ನಿನಗ ಏನಾಗಬೇಕು?”

“ಅಕ್ಕ ಆಗಬೇಕ್ರಿ. ಸುನಂದಕ್ಕ,” ಎಂದೆ. ಎನ್ನುವಾಗ ನನ್ನ ಪಾಲಿನದನ್ನು ನಾನೇ ಎತ್ತಿ ಅವಳ ತಾಟಿಗೆ ಹಾಕಿದ ಹಾಗಾಯಿತು.

“ಹಂಗಾದ್ರ ಅಕ್ಕ ತಂಗಿ ಕೂಡಿ ಉಣ್ಣ್ರಿ. ನನಗೂ ಒಂದ ತಾಟ ಹಚ್ಚವ್ವಾ. ಬೀಗರ ಸಂಗ್ತಿ ಉಂಡು ಭಾಳ ದಿನಾ ಆತು.”

ಎಲ್ಲರೂ ಸಾಲಾಗಿ ಕೂತೆವು. ಕಾಕಾ, ಸುನಂದಾಳ ತಾಯಿ, ಸುನಂದಾ, ನಾನು, ಬಸು. ಅವ್ವ ಗಾಬರಿಯಲ್ಲಿದ್ದಳು, ಗಾಬರಿಯಲ್ಲಿ ಕೈ ತನ್ನ ರೂಢಿಯನ್ನೇ ಮಾಡುತ್ತದೆ. ಕಾಕಾ ಅವರಿಗೆ ಇಡೀ ರೊಟ್ಟಿ, ಸುನಂದಾಳ ತಾಯಿಗೆ ಇಡೀ ರೊಟ್ಟಿ, ಸುನಂದಾಳ ತಾಟಿನಲ್ಲಿ ಇಡೀ ರೊಟ್ಟಿ. ಆಮೇಲೆ ಇನ್ನೊಂದು ಬುಟ್ಟಿಗೆ ಕೈ ಹಾಕಿ ನನಗೊಂದು ಹಿಡಿ ಮುರುಕು, ಬಸುಗೊಂದು ಹಿಡಿ ಮುರುಕು. ಬಸು ಸುಮ್ಮನೆ ತಿನ್ನಬಾರದಿತ್ತೇ? ತುಂಡು ಜೋಡಿಸಲು ಶುರುಮಾಡಿದ.

“ಏನ ಮಾಡಾಕತ್ತೀಯಲೇ?” ಎಂದರು ಕಾಕಾ.

“ಬೀಗರ ರೊಟ್ಟಿ ಮಾಡಾಕತ್ತೇನ್ರಿ,” ಎಂದ ಬಸು.

ಕಾಕಾ ಬಾಯಿಗೆ ಒಯ್ದ ತುತ್ತು ಇಳಿಸಿದರು. ನನ್ನ ತಾಟು ನೋಡಿದರು, ಸುನಂದಾಳ ತಾಟು ನೋಡಿದರು, ಎರಡೂ ಬುಟ್ಟಿ ನೋಡಿದರು.

“ಬೋರ್ಡ್ ಇಲ್ಲ, ತಕ್ಕಡಿ ಇಲ್ಲ, ಎಲ್ಲಾ ಖರೆ ಐತಿ. ಆದ್ರ ಮನ್ಯಾಗ ಮುರಕ ಬೀಗರಿಗೂ ಒಂದ ಬರತೈತಿ, ಮಗಳಿಗೂ ಒಂದ ಬರತೈತಿ. ಇಡೀದೆಲ್ಲ ಒಂದ ಕಡೆ, ಮುರಕೆಲ್ಲ ಒಂದ ಕಡೆ ಹ್ವಾದ್ರ ಅದು ಅಂಗಡೀನ ತಂಗೀ.”

ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಅವ್ವ ಅದನ್ನು ತೆಗೆಯಲಿಲ್ಲ.

“ಖಾಲಿ ಮಾಡೂದೇನ್ರಿ?” ಎಂದು ಕೇಳಿದಳು.

“ಖಾಲಿ ಮಾಡಂತ ಯಾರ ಹೇಳಿದ್ರು? ಇನ್ನ ಮ್ಯಾಲ ದಿನಾ ಮೊದಲನೇ ರೊಟ್ಟಿ ಈ ಹುಡುಗರ ತಾಟಿಗೆ ಬೀಳಬೇಕು. ಬೀಳೂತನಾ ಇದು ಮನಿ. ನಗರಸಭಿಯವರ ಮುಂದೂ ಅಂತೇನಿ, ಮಾಸ್ತರ ಮುಂದೂ ಅಂತೇನಿ. ಯಾವತ್ತ ತಪ್ಪಿತು, ಅವತ್ತ ಅಂಗಡಿ. ಅಂಗಡೀಗೆ ನಾ ಬಾಡಿಗಿ ಕೊಟ್ಟಿಲ್ಲ.”

ನಾನು ಸುನಂದಾಳನ್ನು ನೋಡಿದೆ. ಗೆದ್ದೆ ಎನ್ನಿಸಿತು. ಆ ದಿನವೆಲ್ಲ ಮನೆಯೊಳಗೆ ರಾಣಿಯ ಹಾಗೆ ಓಡಾಡಿದೆ.

ಮರುದಿನ ಗುಡಿಯ ಗಂಟೆ ಆಯಿತು. ಅವ್ವ ಮೊದಲನೇ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ರೊಟ್ಟಿ ಮಾಡುವವರಿಗೆಲ್ಲ ಗೊತ್ತಿರುವ ಮಾತು ಕಾಕಾ ಅವರಿಗೆ ಗೊತ್ತಿರಲಿಲ್ಲ. ಅವ್ವನದು ಅವಸರದ ಒಲೆ; ಅವಳು ಹಂಚು ಪೂರ್ತಿ ಕಾಯುವ ತನಕ ಕಾಯುವವಳಲ್ಲ. ಹಾಗಾಗಿ ಮೊದಲನೆಯದು ಹಂಚಿಗೆ ಹಿಡಿಯುತ್ತದೆ, ಬಿಳಚಿಕೊಂಡಿರುತ್ತದೆ, ನಡುವೆ ಹಸಿ ಉಳಿಯುತ್ತದೆ. ಎರಡನೆಯದು ಪರವಾಗಿಲ್ಲ. ಮೂರನೆಯದು ಚೆನ್ನ. ನಾಲ್ಕನೆಯದಕ್ಕೆ ಹಂಚು ಹದಕ್ಕೆ ಬಂದು, ರೊಟ್ಟಿ ಪುಗ್ಗೆಯ ಹಾಗೆ ಉಬ್ಬಿ ಏಳುತ್ತದೆ. ನನ್ನ ತಾಟಿಗೆ ಮೊದಲನೆಯದು ಬಿತ್ತು.

“ಇದು ಹಸೀದೈತಿಬೇ.”

“ಇಡೀದ ಐತಿಲ್ಲ? ತಿನ್ನ. ಕಾಕಾರು ಹೇಳ್ಯಾರ.”

ಮುಂದಿನ ವಾರ ಸುನಂದಾ ಬಂದಳು. ನಾಲ್ಕನೆಯದು ಅವಳಿಗೆ ಬಿತ್ತು. ಹೀಗೆ ಕಾಕಾ ಅವರ ನಿಯಮ ನಾವು ಆ ಮನೆ ಬಿಡುವ ತನಕ ಒಂದು ದಿನವೂ ತಪ್ಪಲಿಲ್ಲ, ನನ್ನ ಕಿಚ್ಚು ಒಂದು ದಿನವೂ ಆರಲಿಲ್ಲ. ಆದರೆ ಒಂದು ಆಯಿತು. ನೀರಿನ ಕೊಡದ ಹತ್ತಿರ ಕೂತು ನಾನು ಆ ಹಂಚನ್ನು ಎಷ್ಟು ನೋಡಿದೆನೆಂದರೆ, ಬರುಬರುತ್ತ ದೂರದಿಂದಲೇ ಹೇಳಬಲ್ಲವಳಾದೆ: ಇದು ಏಳುತ್ತದೆ, ಇದು ಏಳುವುದಿಲ್ಲ, ಇದಕ್ಕೆ ನೀರು ಹೆಚ್ಚಾಯಿತು, ಇದರ ಅಂಚು ಸೀಳುತ್ತದೆ. ಯಾರೂ ನನಗೆ ರೊಟ್ಟಿ ಕಲಿಸಲಿಲ್ಲ. ಸುನಂದಾಳ ತಾಟಿಗೆ ಬೀಳುವ ರೊಟ್ಟಿಯ ಮೇಲೆ ಕಣ್ಣಿಟ್ಟು ಕಲಿತೆ. ಇವತ್ತು ನನ್ನ ರೊಟ್ಟಿ ಹುಡುಕಿಕೊಂಡು ಜನ ಬರುತ್ತಾರಲ್ಲ, ಅದರ ಬೇರು ಅಲ್ಲಿದೆ.

ಈಗ ನಾನೇ ಅಥಣಿ ರಸ್ತೆಯವಳು. ಬೋರ್ಡಿದೆ, ತಕ್ಕಡಿ ಇದೆ, ಪಾಲಿಕೆಯವರು ಬಂದರೆ ತೋರಿಸಲು ಕಾಗದವಿದೆ. ಗಿರಾಕಿಯನ್ನು ಗಿರಾಕಿ ಎಂದೇ ಕರೆಯುತ್ತೇನೆ, ಬಾಗಿಲಲ್ಲೇ ಕೊಟ್ಟು ಕಳಿಸುತ್ತೇನೆ. ಒಳಗೆ ಬಂದು ಕೌದಿಯ ಮೇಲೆ ಕೂಡುವವಳು ಸುನಂದಾ ಒಬ್ಬಳೇ; ಮುಂದಿನ ಓಣಿಯಲ್ಲೇ ಇದ್ದಾಳೆ. ಇವತ್ತು ಮಧ್ಯಾಹ್ನ ಅವಳು ಬಂದಾಗ ಕೆಲಸದವರು ಮನೆಗೆ ಹೋಗಿದ್ದರು. ಕೆಲವು ದಿನ ನನ್ನ ಹೆಸರನ್ನೇ ಮರೆಯುವ ಅವ್ವ ಅವಳನ್ನು ಕಂಡೊಡನೆ ಗೋಡೆ ಹಿಡಿದು ಎದ್ದಳು.

“ಅಥಣಿ ರಸ್ತೆ ಬೀಗರು ಬಂದಾರ. ಗೌರೀ, ಒಲಿ ಹಚ್ಚ.”

“ಕುಂಡ್ರಬೇ, ನಾ ಮಾಡತೇನಿ,” ಎಂದೆ.

“ನಿನಗೇನ ತಿಳೀತೈತಿ?”

ಗ್ಯಾಸಿನ ಮುಂದೆ ಸ್ಟೂಲು ಹಾಕಿ ಕೂಡಿಸಿದೆ. ಅವ್ವನಿಗೆ ಈಗ ಅವಸರವಿಲ್ಲ. ಹಂಚಿನ ಮೇಲೆ ನೀರು ಚಿಮುಕಿಸಿದಳು, ಕಾದಳು, ಮತ್ತೆ ಚಿಮುಕಿಸಿದಳು. ಹನಿ ಕುಣಿದ ಮೇಲೆ ರೊಟ್ಟಿ ಹಾಕಿದಳು. ಮೊದಲನೆಯದೇ ಎದ್ದಿತು, ಆ ಕಾಲದ ನಾಲ್ಕನೆಯದರ ಹಾಗೆ. ಇನ್ನೊಂದಕ್ಕೆ ಅವಳ ಕೈಯಲ್ಲಿ ಶಕ್ತಿ ಇರಲಿಲ್ಲ. ನಾನು ಮೊಮ್ಮಕ್ಕಳ ಕನಸು ಕಾಣುವ ವಯಸ್ಸಿನವಳು, ತಾಟು ಹಿಡಿದು ನಿಂತೆ. ನಿಂತವಳ ಮನಸ್ಸು ಏನು ಕೇಳುತ್ತಿತ್ತೆಂದು ಬೇರೆ ಹೇಳಬೇಕೇ? ಅವ್ವ ರೊಟ್ಟಿಗೆ ತೂತು ಮಾಡಿ ಬೆಣ್ಣೆ ಇಟ್ಟಳು.

“ಬೀಗರಿಗೆ ಕೊಡ,” ಎಂದಳು.

ಕೊಟ್ಟೆ. ಸುನಂದಾ ತಿಂದಳು. ಈಗ ಅಂಚನ್ನೂ ತಿನ್ನುತ್ತಾಳೆ. ತಿಂದು, ಕೈ ಒರೆಸಿಕೊಂಡು, ಮೂಲೆಯಲ್ಲಿದ್ದ ಮುರುಕಿನ ಬುಟ್ಟಿಯ ಕಡೆ ಕಣ್ಣು ಹಾಯಿಸಿದಳು.

“ಗೌರಿ, ಒಂದೀಟು ಮುರಕ ಕಟ್ಟಿ ಕೊಡ ಬೇ. ಮಜ್ಜಿಗ್ಯಾಗ ಹಾಕ್ಕೊಂಡು ತಿಂತೇನಿ.”

“ಅದು ಮಾರೂದಲ್ಲ.”

“ನಾ ಎಲ್ಲಿ ರೊಕ್ಕ ಕೊಡತೇನಂದೆ? ಸಣ್ಣಾಕಿದ್ದಾಗಿಂದ ಕೇಳಬೇಕಂತ ಮಾಡೇನಿ. ನೀನೂ ಬಸೂನೂ ಒಂದ ತಾಟಿನಾಗ ಹಾಕ್ಕೊಂಡು ಕಟುಕುಟು ತಿಂತಿದ್ರಿ. ನನಗ ಒಂದಿನಾನೂ ಕೊಡಲಿಲ್ಲ.”

“ಬೀಗರಿಗೆ ಕೊಡೂದೂ ಅಲ್ಲ ಅದು,” ಎಂದೆ.

ನಾನು ನಗೆಗೆ ಅಂದೆನೆಂದು ತಿಳಿದು ಅವಳು ನಕ್ಕಳು. ನಾನು ನಗಲಿಲ್ಲ. ಬುಟ್ಟಿಯನ್ನು ಕಾಲಿನಿಂದ ನನ್ನ ಕಡೆಗೆ ಸ್ವಲ್ಪ ಎಳೆದುಕೊಂಡೆ. ಸ್ಟೂಲಿನ ಮೇಲೆ ತೂಕಡಿಸುತ್ತಿದ್ದಾಳೆಂದು ನಾನು ತಿಳಿದಿದ್ದ ಅವ್ವ ಕಣ್ಣು ಬಿಟ್ಟಳು.

“ಮುರಕ ಕೇಳಬ್ಯಾಡ ಯವ್ವಾ. ಅದು ನನ್ನ ಮಗಳಿಂದು.”

ಸುನಂದಾ ಅವ್ವನನ್ನು ನೋಡಿದಳು, ಬುಟ್ಟಿಯನ್ನು ನೋಡಿದಳು, ಆಮೇಲೆ ನನ್ನನ್ನು. ಆ ನೋಟ ನನಗೆ ಗುರುತಿತ್ತು. ನೀರಿನ ಕೊಡದ ಹತ್ತಿರ ಕೂತು ನಾನೇ ಎಷ್ಟೋ ವಾರ ಅವಳನ್ನು ಹಾಗೆ ನೋಡಿದ್ದೆ, ಆದರೆ ಆ ನೋಟ ನನ್ನ ಮೇಲೆ ಬಿದ್ದದ್ದು ಇವತ್ತೇ. ಅವಳು ಫೋನಿನಲ್ಲೇ ಹೇಳಿಟ್ಟಿದ್ದ ಕಟಕ ರೊಟ್ಟಿಯ ಕಟ್ಟು ತೆಗೆದುಕೊಂಡು ಹೊರಟಳು. ಬಾಗಿಲ ತನಕ ಹೋಗಿ ಕಳಿಸಿ ಬಂದೆ.

ರಾತ್ರಿ ನಮ್ಮವರು ಬಬಲೇಶ್ವರದಿಂದ ಬಂದು ಪುಂಡಿಪಲ್ಯದ ಜೊತೆ ಇಡೀ ರೊಟ್ಟಿ ಉಂಡರು. ಅವ್ವನೂ ನಾನೂ ಒಂದೇ ತಾಟಿನಲ್ಲಿ ಮುರುಕು ನೆನೆಸಿಕೊಂಡೆವು. ಮಜ್ಜಿಗೆ, ಹೆಚ್ಚಿದ ಉಳ್ಳಾಗಡ್ಡಿ, ಮೇಲೆ ಒಂದು ಚಿಟಿಕೆ ಹಿಂಡಿ. ಹಲ್ಲಿನ ಸೆಟ್ಟು ತೆಗೆದ ಬಾಯಿಗೆ ಅದೇ ಹಿತ. ಮೆತ್ತಗಾದ ತುಂಡುಗಳನ್ನು ನಾನು ಅವಳ ಕಡೆ ಸರಿಸಿದೆ, ಅವಳು ನನ್ನ ಕಡೆ ಸರಿಸಿದಳು. ಕೈ ತೊಳೆಸಿ ಕೌದಿ ಹೊದಿಸಿದೆ. ನಮ್ಮವರು ಇನ್ನೂ ಟೀವಿಯ ಮುಂದಿದ್ದರು, ನಾನು ನಾಳೆಯ ಹಿಟ್ಟು ಅಳೆಯುತ್ತಿದ್ದೆ. ಅವ್ವ ಮೊದಲು ನಿದ್ದೆ ಹೋದಳು.